ಹೊಳೆವ್ವನ ನಲವತ್ತು ಲಕ್ಷ

ರಾಣೇಬೆನ್ನೂರಿನ ಕಾಯಿಪಲ್ಲೆ ಮಾರುಕಟ್ಟೆಯಲ್ಲಿ ಹೊಳೆವ್ವ ಅಂತ ಒಬ್ಬಳಿದ್ದಳು. ಅವಳಿಗೆ ಗುಡ್ಡಪ್ಪ ಅಂತ ಒಬ್ಬನೇ ಮಗನಿದ್ದ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮಗ ಬೇಕು ಅಂತ ಎಲ್ಲ ತಾಯಂದಿರೂ ದೇವರಿಗೆ ಕೈಮುಗಿಯುತ್ತಾರೆ. ಹೊಳೆವ್ವನೂ ಮುಗಿದಿದ್ದಳು. ದೇವರು ಕೊಟ್ಟೇಬಿಟ್ಟ.

ಟೊಮೇಟೊ ಕಾಯಪ್ಪಾ ಅಂತ ಹೇಳಿ ಹೋದರೆ ಗುಡ್ಡಪ್ಪ ಟೊಮೇಟೊ ಕಾಯುತ್ತಿದ್ದ. ಪಕ್ಕದಲ್ಲೇ ದನ ಬಂದು ಕೊತ್ತಂಬರಿ ಮೇಯುತ್ತಿದ್ದರೆ ಅದು ಅವನಿಗೆ ಹೇಳಿದ ಕೆಲಸವಲ್ಲ. ಹೊಳೆವ್ವ ಬಂದು ಹಣೆ ಚಚ್ಚಿಕೊಂಡರೆ, "ಅವ್ವಾ, ಟೊಮೇಟೊ ಎಣಿಸಿ ನೋಡು, ಒಂದೂ ಕಮ್ಮಿ ಇಲ್ಲ" ಅನ್ನುತ್ತಿದ್ದ. ಎಣಿಸಿದರೆ ನಿಜಕ್ಕೂ ಒಂದೂ ಕಮ್ಮಿ ಇರುತ್ತಿರಲಿಲ್ಲ. ಇಂಥ ಮಗನನ್ನು ಬೈಯಲೂ ಆಗುವುದಿಲ್ಲ, ಬೈಯದೆ ಇರಲೂ ಆಗುವುದಿಲ್ಲ. ಹೊಳೆವ್ವ ಬೈಯುವ ದಾರಿ ಹಿಡಿದಿದ್ದಳು.

ಹೊಳೆವ್ವನಿಗೆ ಒಂದು ಆಸೆ ಇತ್ತು. ಕೇಳಿದರೆ ನೀವು ನಗುತ್ತೀರಿ, ಆದರೂ ಹೇಳುತ್ತೇನೆ. ಅವಳಿಗೆ ಒಂದು ಸಲ ಗಿರಾಕಿ ಆಗಬೇಕಿತ್ತು. ವಯಸ್ಸಿಗೆ ಬಂದಾಗಿನಿಂದ ಅವಳು ಕೂತದ್ದು ಗೋಣಿತಟ್ಟಿನ ಈಚೆ ಕಡೆ. ಆಚೆ ಕಡೆ ನಿಂತವರು ಬೆಂಡೆಕಾಯಿಯ ತುದಿ ಮುರಿದು ನೋಡುವರು, ಬದನೆಕಾಯಿ ಹಿಚುಕುವರು, ಹತ್ತು ಅಂದರೆ ಐದಕ್ಕೆ ಕೇಳುವರು, ಐದಕ್ಕೆ ಕೊಟ್ಟರೆ ಮೇಲೊಂದು ಹಿಡಿ ಕರಿಬೇವು ಎತ್ತಿಕೊಳ್ಳುವರು. ಒಂದು ಸಲ, ಒಂದೇ ಒಂದು ಸಲ, ತನ್ನನ್ನು ಯಾರೂ ಅರಿಯದ ಊರಿಗೆ ಹೋಗಿ, ಬೇಕೆನಿಸಿದ್ದನ್ನು ಹೇಳಿದ ರೇಟಿಗೆ ಸುಮ್ಮನೆ ತೆಗೆದುಕೊಂಡು ಕೈಬೀಸಿ ನಡೆಯಬೇಕು ಅಂತ ಅವಳ ಆಸೆ. ಪಾಪ, ಬಂಗಾರ ಕೇಳಲಿಲ್ಲ, ಬಂಗಲೆ ಕೇಳಲಿಲ್ಲ.

ಆ ಯೋಗ ಬಂತು. ಮಾರುಕಟ್ಟೆಯ ಹೆಂಗಸರೆಲ್ಲ ಸೇರಿ ಚೀಟಿ ಹಾಕಿ, ಮಲೇಷ್ಯಾಕ್ಕೆ ಹೋಗಿ ಬರುವುದು ಅಂತ ತೀರ್ಮಾನ ಮಾಡಿದರು. ಕರೆದುಕೊಂಡು ಹೋಗುವವರು ಕಟ್ಟಿಯವರು, ಊರಿನಲ್ಲಿ ಪ್ರವಾಸದ ಆಫೀಸು ಇಟ್ಟವರು. ವಿಮಾನ, ಊಟ, ವಸತಿ ಎಲ್ಲ ಚೀಟಿ ದುಡ್ಡಿನಲ್ಲೇ ಮುಗಿಯುತ್ತದೆ, ಕೈಖರ್ಚು ಮಾತ್ರ ನಿಮ್ಮದು ಅಂದರು. ಹೊಳೆವ್ವ ಕೈಖರ್ಚಿಗೆ ಹದಿನೈದು ಸಾವಿರ ಕೂಡಿಟ್ಟಿದ್ದಳು. ಗುಡ್ಡಪ್ಪನೂ ಹೊರಟ. ಅವನನ್ನು ಊರಲ್ಲಿ ಒಬ್ಬನನ್ನೇ ಬಿಟ್ಟು ಹೋದರೆ ವಾಪಸು ಬರುವಾಗ ಊರು ಇರುತ್ತದೋ ಇಲ್ಲವೋ ಅಂತ ಅವಳಿಗೆ ಅನುಮಾನ.

ಕಟ್ಟಿಯವರು ಇನ್ನೊಂದು ಮಾತು ಹೇಳಿದರು. ನಮ್ಮ ರೂಪಾಯಿ ಅಲ್ಲಿ ನಡೆಯುವುದಿಲ್ಲ, ಅಲ್ಲಿಯದು ರಿಂಗಿಟ್, ಇಲ್ಲೇ ಹುಬ್ಬಳ್ಳಿಯಲ್ಲಿ ಬದಲಿಸಿಕೊಳ್ಳಿ, ವಿಮಾನ ನಿಲ್ದಾಣದಲ್ಲಿ ಬದಲಿಸಿದರೆ ಚರ್ಮ ಸುಲಿಯುತ್ತಾರೆ ಅಂತ. ನಗಬೇಡಿ, ವಿಮಾನ ನಿಲ್ದಾಣದಲ್ಲಿ ಚರ್ಮ ಸುಲಿಸಿಕೊಂಡು ಬಂದು ಮನೆಯಲ್ಲಿ ಬಾಯಿ ಬಿಡದವರು ನಿಮ್ಮಲ್ಲೂ ಇದ್ದೀರಿ, ನನಗೆ ಗೊತ್ತು.

ಅದು ಮದುವೆ ಹಂಗಾಮು. ಹೊಳೆವ್ವ ಅಂಗಡಿ ಬಿಡುವ ಹಾಗಿರಲಿಲ್ಲ. ಮಗನನ್ನು ಕರೆದು ಹದಿನೈದು ಸಾವಿರ ಬನಿಯನ್ನಿನ ಜೇಬಿನಲ್ಲಿಟ್ಟು, ಪಿನ್ನು ಹಾಕಿ, ಹುಬ್ಬಳ್ಳಿ ರೈಲು ಹತ್ತಿಸಿದಳು.

"ಇಳಿದ ಕೂಡಲೇ ಸಿಕ್ಕವರಿಗೆ ಕೊಟ್ಟುಬಿಡಬ್ಯಾಡ. ನಾಕು ಅಂಗಡಿ ವಿಚಾರ ಮಾಡು" ಅಂದಳು.

ಗುಡ್ಡಪ್ಪ ಹುಬ್ಬಳ್ಳಿಯಲ್ಲಿ ಇಳಿದ. ನಾಲ್ಕು ಅಂಗಡಿ ವಿಚಾರಿಸಿದ. ಮೊದಲನೆಯದು ಬಾಳೆಹಣ್ಣಿನಂಗಡಿ. ಮಲೇಷ್ಯಾದ ರೊಕ್ಕ ಹೆಂಗ ಕೊಡ್ತೀರಿ ಅಂತ ಕೇಳಿದ. ಅವನು ಡಜನ್ನಿಗೆ ಅರವತ್ತು ಅಂದ. ಎರಡನೆಯದು ಕ್ಷೌರದಂಗಡಿ. ಅಲ್ಲಿ ಕೂಡು ಅಂದರು, ಕೂತ. ಮೂರನೆಯದು ಚಪ್ಪಲಿ ಅಂಗಡಿ. ಕಾಲು ಮುಂದೆ ಇಡು ಅಂದರು, ಇಟ್ಟ. ನಾಲ್ಕನೆಯವನು ಫೋಟೋಕ್ಕೆ ಕಟ್ಟು ಹಾಕುವವನು. ಅವನು ಮಾತ್ರ ಮುಂದೆ ಹೋಗಪ್ಪಾ ಅಂದ. ನಾಲ್ಕು ಮುಗಿಯಿತಲ್ಲ, ಗುಡ್ಡಪ್ಪ ಮುಂದೆ ಹೋಗಿ ರೈಲು ಹತ್ತಿದ.

ಸಂಜೆ ಹೊಳೆವ್ವ ನೋಡುತ್ತಾಳೆ, ಮಗನ ತಲೆ ನುಣ್ಣಗಾಗಿದೆ, ಕಾಲಲ್ಲಿ ಹೊಸ ಚಪ್ಪಲಿ, ಕೈಯಲ್ಲಿ ಬಾಳೆಹಣ್ಣು. ದಾರಿಖರ್ಚಿಗೆ ಕೊಟ್ಟದ್ದೆಲ್ಲ ಖಾಲಿ. ಹದಿನೈದು ಸಾವಿರ ಮಾತ್ರ ಪಿನ್ನು ಹಾಕಿದ ಹಾಗೇ ಇದೆ. ನಾಕೂ ಅಂಗಡಿ ಕೇಳಿದೆ ಅವ್ವಾ, ಯಾರ ಹತ್ರನೂ ಮಲೇಷ್ಯಾ ಇಲ್ಲಂತ ಅಂದ.

"ಹುಚ್ಚಪ್ಪಾ, ಬೋರ್ಡ್ ನೋಡಬೇಕಲ್ಲೋ. ರೊಕ್ಕದ ಚಿತ್ರ ಎಲ್ಲೈತಿ ಅಲ್ಲಿ ಒಳಗ ಹೋಗು. ಸಾಲಿನ್ಯಾಗ ನಿಂದ್ರು. ಒಳಗ ಕುಂತವರು ಏನು ಕೇಳ್ತಾರ ಅದನ್ನ ಕೊಡು, ಏನು ಕೊಡ್ತಾರ ಅದನ್ನ ತಗೊಂಡು ಬಾ."

ಹಂಗಾರ ಹಂಗ ಮಾಡ್ತೀನಿ ಅಂದ ಗುಡ್ಡಪ್ಪ.

ಹಾಗೇ ಮಾಡಿದ. ಹುಬ್ಬಳ್ಳಿಯಲ್ಲಿ ರೊಕ್ಕದ ಚಿತ್ರ ಇದ್ದ ಬೋರ್ಡು ಹುಡುಕಿದ. ಸಿಕ್ಕಿತು. ಕಂತೆ ಕಂತೆ ನೋಟಿನ ಚಿತ್ರ, ಪಕ್ಕದಲ್ಲಿ ಬಳೆ, ಸರ. ಅದು ಬಂಗಾರ ಅಡ ಇಟ್ಟುಕೊಂಡು ಸಾಲ ಕೊಡುವ ಆಫೀಸು. ಗುಡ್ಡಪ್ಪ ಸಾಲಿನಲ್ಲಿ ನಿಂತ. ಸರತಿ ಬಂತು. ಒಳಗೆ ಕೂತ ಹುಡುಗಿ ಬಂಗಾರ ಕೊಡ್ರಿ ಅಂದಳು. ಅಪ್ಪನ ಕಾಲದ ಉಂಗುರ ಬೆರಳಲ್ಲಿತ್ತು, ಬಿಚ್ಚಿ ಕೊಟ್ಟ. ಆಧಾರ್ ಕಾರ್ಡು ಕೇಳಿದಳು, ಕೊಟ್ಟ. ಸಹಿ ಕೇಳಿದಳು, ಹಾಕಿದ. ಅವಳು ನೋಟು ಕೊಟ್ಟಳು, ತೆಗೆದುಕೊಂಡು ಬಂದ.

ಮನೆಗೆ ಬಂದವನ ಮುಖದಲ್ಲಿ ಏನು ಬೆಳಕು ಅಂತೀರಿ. ಅವ್ವಾ, ಹದಿನೈದು ಒಯ್ದಿದ್ದೆ, ಈಗ ನೋಡು ಎಷ್ಟು ದಪ್ಪ ಆಗ್ಯಾದ, ನಮ್ಮ ರೊಕ್ಕ ಅವರು ಮುಟ್ಟಲೂ ಇಲ್ಲ ಅಂದ. ಹೊಳೆವ್ವ ನೋಟು ನೋಡಿದಳು. ಎಲ್ಲ ನಮ್ಮವೇ ರೂಪಾಯಿ. ಆಮೇಲೆ ಬೆರಳು ನೋಡಿದಳು.

ಮರುದಿನ ಅವಳೇ ಅಂಗಡಿ ಮುಚ್ಚಿ ಹುಬ್ಬಳ್ಳಿಗೆ ಹೋಗಿ, ಅದು ಇದು ಚಾರ್ಜು ಅಂತ ಕೈಯಿಂದ ಹಾಕಿ, ಉಂಗುರ ಬಿಡಿಸಿಕೊಂಡು ಬಂದಳು. ಗಂಡನ ಉಂಗುರ ಅದು, ಎಷ್ಟೇ ಚಾರ್ಜಾದರೂ ಬಿಡುವಂತಿರಲಿಲ್ಲ. ಒಂದು ದಿನದ ವ್ಯಾಪಾರ ಹೋಯಿತು. ಅವಳ ಮಗ್ಗುಲಲ್ಲಿ ಕೂತು ನಿಂಬೆಹಣ್ಣು, ಮೆಣಸಿನಕಾಯಿ ಮಾರುವ ಮಾಬೂಬಿ, ಅವಳೂ ಮಲೇಷ್ಯಾಕ್ಕೆ ಹೊರಟವಳೇ, ಹುಬ್ಬಳ್ಳಿಗೆ ಹೋದ ದಿನ ಯಾಕ ನೀನೇ ಬದಲಿ ಮಾಡಿಸಿಕೊಂಡು ಬರಲಿಲ್ಲ ಅಂತ ಕೇಳಿದಳು.

"ಅವನ ಕೈಯಿಂದ ಒಂದು ಕೆಲಸ ಆಗಲಿ ಅಂತ ಐತಿ ಮಾಬೂಬಿ. ನಾ ಸತ್ತ ಮ್ಯಾಲ ಯಾರು ಮಾಡ್ತಾರ ಅವಂಗ?" ಅಂದಳು ಹೊಳೆವ್ವ.

ಮಾಬೂಬಿ ಮುಂದೆ ಮಾತಾಡಲಿಲ್ಲ. ನೀವೂ ಮಾತಾಡಬೇಡಿ. ಮತ್ತೆ ಮತ್ತೆ ಅವನನ್ನೇ ಯಾಕೆ ಕಳಿಸಿದಳು ಅಂತ ಕೇಳುವವರು ಮಕ್ಕಳನ್ನು ಸಾಕಿದವರಲ್ಲ.

ಈ ಸಲ ಹೊಳೆವ್ವ ಮಗನಿಗೆ ತನ್ನ ಕಸುಬಿನ ಗುಟ್ಟನ್ನೇ ಹೇಳಿಕೊಟ್ಟಳು. ತಾನು ಗಿರಾಕಿಗಳಿಂದ ದಿನಾ ಅನುಭವಿಸಿದ್ದನ್ನೇ ವಿದ್ಯೆಯಾಗಿ ಮಾಡಿ ಕೊಟ್ಟಳು. ಕಟ್ಟಿಯವರಿಂದ ಸರಿಯಾದ ಅಂಗಡಿಯ ವಿಳಾಸವನ್ನೂ ಬರೆಸಿ ಕೈಗಿತ್ತಳು.

"ಕೇಳಿದ್ದು ಕೇಳಿದಂಗ ಕೊಟ್ಟು ಬರಬಾರದಲೇ. ಚೌಕಾಶಿ ಮಾಡಬೇಕು. ಅವರು ಎಷ್ಟು ಅಂತಾರ, ನೀ ಅರ್ಧಕ್ಕ ಕೇಳು. ಒಪ್ಪಲಿಲ್ಲಂದ್ರ ಎದ್ದು ನಡಿ, ಹಿಂದಿಂದ ಕರೀತಾರ."

ಗುಡ್ಡಪ್ಪ ಅರ್ಧಕ್ಕ ಕೇಳು, ಅರ್ಧಕ್ಕ ಕೇಳು ಅಂತ ಹಾವೇರಿ ದಾಟುವ ತನಕ ಬಾಯಿಪಾಠ ಮಾಡಿದ. ಅಂಗಡಿ ಸರಿಯಾದದ್ದೇ ಸಿಕ್ಕಿತು. ಗಾಜಿನ ಕಿಟಕಿಯ ಹಿಂದೆ ಕನ್ನಡಕದ ಒಬ್ಬರು ಕೂತಿದ್ದರು. ಒಂದು ಸಾವಿರಕ್ಕೆ ಐವತ್ತು ರಿಂಗಿಟ್ ಬರುತ್ತದೆ ಅಂದರು.

"ಇಪ್ಪತ್ತೈದು ಕೊಡ್ರಿ" ಅಂದ ಗುಡ್ಡಪ್ಪ.

ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಅಲ್ಲಪ್ಪಾ, ನಾನು ನಿನಗೆ ಐವತ್ತು ಕೊಡ್ತೀನಿ ಅಂದರು. ಐವತ್ತು ಬ್ಯಾಡ, ಇಪ್ಪತ್ತೈದಾದರ ಕೊಡ್ರಿ, ಇಲ್ಲಂದ್ರ ಹೊಂಟೆ ಅಂದ ಇವನು. ಅವರು ಇನ್ನೊಮ್ಮೆ ಬಿಡಿಸಿ ಹೇಳಿದರು. ಹೇಳಿದಷ್ಟೂ ಗುಡ್ಡಪ್ಪನಿಗೆ ಧೈರ್ಯ ಬಂತು. ಆಸಾಮಿ ಬಗ್ಗುತ್ತಿದ್ದಾನೆ ಅಂದುಕೊಂಡ. ಎದ್ದು ಬಾಗಿಲ ತನಕ ನಡೆದ. ಹಿಂದೆ ಸಾಲಿನಲ್ಲಿದ್ದವರು ಬೇಗ ಮುಗಿಸ್ರೀ ಅಂತ ಗಲಾಟೆ ಎಬ್ಬಿಸಿದರು. ಕೊನೆಗೆ ಕನ್ನಡಕದವರು ಸಾಕಾಗಿ, ಬಾ ಮಹಾರಾಯ ಅಂತ ಕರೆದು, ಒಂದು ಸಾವಿರ ತೆಗೆದುಕೊಂಡು ಇಪ್ಪತ್ತೈದು ರಿಂಗಿಟ್ ಕೈಗಿಟ್ಟರು. ಮಿಕ್ಕಿದ್ದಕ್ಕೆ ಮನೆಯ ಹಿರಿಯರನ್ನು ಕರೆದುಕೊಂಡು ಬಾ ಅಂದರು.

ಹಿಂದಿನಿಂದ ಕರೆದರಲ್ಲ. ಅವ್ವ ಹೇಳಿದ ಹಾಗೇ ಆಯಿತಲ್ಲ. ಗುಡ್ಡಪ್ಪ ಗೆದ್ದ ಪೈಲ್ವಾನನ ಹಾಗೆ ಮಾರುಕಟ್ಟೆಗೆ ಬಂದ. ಅವನು ಐವತ್ತು ಅಂದ ಅವ್ವಾ, ನಾ ಬಿಡಲಿಲ್ಲ, ಇಪ್ಪತ್ತೈದಕ್ಕ ತಂದೆ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದ.

ಮಾಬೂಬಿಗೆ ಮೊದಲು ತಿಳಿಯಿತು. ಅವಳು ನಿಂಬೆಹಣ್ಣಿನ ಬುಟ್ಟಿಯ ಮೇಲೆ ಬಿದ್ದು ಬಿದ್ದು ನಕ್ಕಳು. ಹೊಳೆವ್ವನಿಗೆ ತಡವಾಗಿ ತಿಳಿಯಿತು. ಅವಳು ನಗಲಿಲ್ಲ. ತಕ್ಕಡಿ ಕೆಳಗಿಟ್ಟು ಮಗನನ್ನು ಕೂರಿಸಿ, ಎದುರಿಗೆ ತಾನೂ ಕೂತಳು. ಕೊಡುವಾಗ ಕಮ್ಮಿ ಕೊಡಬೇಕು, ತೆಗೆದುಕೊಳ್ಳುವಾಗ ಜಾಸ್ತಿ ತೆಗೆದುಕೊಳ್ಳಬೇಕು ಅಂತ ಹೇಳಲು ಹೊರಟಳು. ಆದರೆ ಈ ತಲೆಯಲ್ಲಿ ಎರಡು ಮಾತು ಒಟ್ಟಿಗೆ ಕೂರುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಒಂದೇ ಮಾತಿಗೆ ಇಳಿಸಿದಳು.

"ಒಂದು ರೂಪಾಯಿಗೆ ಯಾರು ಎಲ್ಲಾರಕಿಂತ ಜಾಸ್ತಿ ಕೊಡ್ತಾರ, ಅವರ ಹತ್ರ ತಗೊಂಡು ಬಾ. ಅಷ್ಟ ಸಾಕು."

ಇದರಲ್ಲಿ ಏನು ತಪ್ಪಿದೆ ಹೇಳಿ. ಅರ್ಥಶಾಸ್ತ್ರ ಓದಿದವರೂ ಇದನ್ನೇ ಹೇಳುತ್ತಾರೆ. ಹೊಳೆವ್ವ ಮಿಕ್ಕ ಹದಿನಾಲ್ಕು ಸಾವಿರವನ್ನು ಮತ್ತೆ ಜೇಬಿನಲ್ಲಿಟ್ಟು ಪಿನ್ನು ಹಾಕಿ ಕಳಿಸಿದಳು.

ಗುಡ್ಡಪ್ಪ ಈ ಸಲ ಹುಬ್ಬಳ್ಳಿಯ ಬದಲಿ ಅಂಗಡಿಗಳನ್ನೆಲ್ಲ ಸುತ್ತಿದ. ಎಲ್ಲ ಕಡೆ ಒಂದೇ ಪ್ರಶ್ನೆ, ಒಂದು ರೂಪಾಯಿಗೆ ಎಷ್ಟು ಕೊಡ್ತೀರಿ. ಯಾವ ದೇಶದ್ದು ಅಂತ ಕೇಳಿದರೆ ಜಾಸ್ತಿ ಬರೋ ದೇಶದ್ದು ಅನ್ನುತ್ತಿದ್ದ. ಒಬ್ಬ ರಿಂಗಿಟ್ಟಿನ ಲೆಕ್ಕ ಹೇಳಿದ, ಅದು ಒಂದು ರೂಪಾಯಿಗೆ ಚೂರೇ ಚೂರು. ಒಬ್ಬ ಡಾಲರಿನ ಲೆಕ್ಕ ಹೇಳಿದ, ಅದು ಚೂರಿನಲ್ಲಿ ಚೂರು. ಮೂರನೆಯವನ ಹತ್ತಿರ ಯಾರೋ ಪ್ರವಾಸದಿಂದ ಬಂದವರು ಮಾರಿ ಹೋದ ನೋಟಿನ ರಾಶಿ ಬಿದ್ದಿತ್ತು. ತಿಂಗಳುಗಟ್ಟಲೆ ಯಾರೂ ಕೇಳಿರಲಿಲ್ಲ. ಅವನು ಇದಾದರೆ ರೂಪಾಯಿಗೆ ಇನ್ನೂರ ತೊಂಬತ್ತು ಅಂದ.

ಗುಡ್ಡಪ್ಪ ಮೂರು ಸಲ ಕೇಳಿದ. ಮೂರು ಸಲವೂ ಅವನು ಇನ್ನೂರ ತೊಂಬತ್ತೇ ಅಂದ. ಗುಡ್ಡಪ್ಪ ಪಿನ್ನು ಬಿಚ್ಚಿದ.

ಮಾರುಕಟ್ಟೆಯಲ್ಲಿ ಇಳಿಹೊತ್ತು. ಹೊಳೆವ್ವ ಬಾಡಿದ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದಳು. ಗುಡ್ಡಪ್ಪ ಬಂದು ಒಂದು ಕಾಯಿಪಲ್ಲೆ ಚೀಲವನ್ನು ಅವಳ ಮುಂದೆ ಇಳಿಸಿದ. ಚೀಲದ ತುಂಬ ಐದು ಸಾವಿರದ್ದು, ಹತ್ತು ಸಾವಿರದ್ದು ನೋಟು. ಒಂದೊಂದರ ಮೇಲೂ ತೆಳ್ಳನೆ ಗಡ್ಡದ ಒಬ್ಬ ಅಜ್ಜ ನಗುತ್ತಿದ್ದ.

"ಅವ್ವಾ, ನಲವತ್ತು ಲಕ್ಷ" ಅಂದ.

ಹೊಳೆವ್ವ ಸೊಪ್ಪಿನ ಮೇಲೇ ಕೂತುಬಿಟ್ಟಳು. ಸುದ್ದಿ ಮೆಣಸಿನಕಾಯಿ ಸಾಲಿನಿಂದ ಉಳ್ಳಾಗಡ್ಡಿ ಸಾಲಿಗೆ, ಅಲ್ಲಿಂದ ಹೂವಿನ ಸಾಲಿಗೆ ಹೋಯಿತು. ಚೀಟಿಯ ಹೆಂಗಸರೆಲ್ಲ ಬಂದು ಸೇರಿದರು. ಯಾರೋ ಓಡಿಹೋಗಿ ಕಟ್ಟಿಯವರನ್ನು ಕರೆತಂದರು. ಕಟ್ಟಿಯವರು ಒಂದು ನೋಟು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಖೋಟಾ ಅಲ್ಲ, ಅಸಲಿಯೇ ಅಂದರು. ಹೊಳೆವ್ವನಿಗೆ ಹೋದ ಜೀವ ಬಂತು. ಆಮೇಲೆ ಅವರು, ಆದರೆ ಇದು ವಿಯೆಟ್ನಾಮಿನ ರೊಕ್ಕ, ಇದರ ಹೆಸರು ಡಾಂಗ್, ನಾವು ಹೊಂಟಿದ್ದು ಮಲೇಷ್ಯಾಕ್ಕ ಅಂದರು. ಬಂದ ಜೀವ ಮತ್ತೆ ಹೋಯಿತು.

ಇದನ್ನು ವಾಪಸು ಮಾಡಿದರೆ ಎಷ್ಟು ಬರುತ್ತದೆ ಅಂತ ಕೇಳಿದಳು. ಕಟ್ಟಿಯವರು ಫೋನು ಹಚ್ಚಿ ವಿಚಾರಿಸಿದರು. ಕೊಟ್ಟವನು ವಾಪಸು ಒಲ್ಲೆ ಅಂದ. ಇನ್ನೊಬ್ಬ ತಗೋತೀನಿ, ಆದರೆ ಅರ್ಧ ರೇಟಿಗೆ ಅಂದ. ಅರ್ಧ ಅಂದರೆ ಏಳು ಸಾವಿರ. ಅದನ್ನು ಮತ್ತೆ ರಿಂಗಿಟ್ ಮಾಡುವಾಗ ಇನ್ನೊಂದಿಷ್ಟು ಹೋಗುತ್ತದೆ. ಬದಲಿ ಅಂಗಡಿಯಲ್ಲಿ ಕೊಡುವ ರೇಟು ಬೇರೆ, ಕೊಳ್ಳುವ ರೇಟು ಬೇರೆ. ರೊಕ್ಕ ಆ ಕಿಟಕಿಯನ್ನು ಒಂದು ಸಲ ದಾಟಿದರೆ ಕೈ ತೊಳೆಯುತ್ತದೆ, ಎರಡು ಸಲ ದಾಟಿದರೆ ಮೈ ತೊಳೆಯುತ್ತದೆ.

ಹೊಳೆವ್ವ ಅವತ್ತು ಬೈಯಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಳು. ಅಷ್ಟೂ ರೊಕ್ಕ ಒಂದೊಂದು ಕಟ್ಟು ಮೆಂತ್ಯ, ಒಂದೊಂದು ಕಟ್ಟು ಪಾಲಕ್ ಮಾರಿ ಕೂಡಿದ್ದು. ತನಗೆ ಗಿರಾಕಿ ಆಗುವ ಹಣೆಬರಹವೇ ಇಲ್ಲ ಅನಿಸಿತು. ಬಹಳ ಅತ್ತಳು. ಅವ್ವ ಬೈಯದೆ ಅಳುವುದನ್ನು ಗುಡ್ಡಪ್ಪ ಮೊದಲ ಸಲ ನೋಡಿದ. ಅವನೂ ಅತ್ತ. ರೂಪಾಯಿಗೆ ಇನ್ನೂರ ತೊಂಬತ್ತು ತಂದರೂ ಅವ್ವ ಯಾಕೆ ಅಳುತ್ತಾಳೆ ಅಂತ ಅವನಿಗೆ ತಿಳಿಯಲಿಲ್ಲ, ಆದರೂ ಅತ್ತ.

ಮಾಬೂಬಿ ಇಷ್ಟು ಹೊತ್ತು ಒಂದು ನೋಟನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಸೊನ್ನೆ ಎಣಿಸುತ್ತಿದ್ದಳು.

"ಕಟ್ಟಿಯವರ, ಟಿಕೆಟ್ ತಗಿಸೀರೇನು?"

ಇಲ್ಲ, ಸೋಮವಾರ ತೆಗೆಸುವುದು ಅಂದರು ಅವರು.

"ಮಲೇಷ್ಯಾದಾಗ ನನ್ನ ಹತ್ತು ಸಾವಿರಕ್ಕ ಬರೂದು ಐನೂರು. ಈ ದೇಶದಾಗ?"

ಲಕ್ಷಗಟ್ಟಲೆ ಅಂದರು ಕಟ್ಟಿಯವರು.

ಮಾಬೂಬಿ ಹೆಂಗಸರ ಕಡೆ ತಿರುಗಿದಳು. ಹೆಚ್ಚು ಮಾತೇ ಬೇಕಾಗಲಿಲ್ಲ. ಜೀವಮಾನವಿಡೀ ಚಿಲ್ಲರೆ ಎಣಿಸಿದವರು ಅವರೆಲ್ಲ. ಒಂದು ವಾರವಾದರೂ ಲಕ್ಷಾಧೀಶರಾಗುವ ಯೋಗ ಇರುವಾಗ ಮಲೇಷ್ಯಾ ಯಾರಿಗೆ ಬೇಕು. ಗುಡ್ಡಪ್ಪ ಒಬ್ಬನೇ ಪೆದ್ದ ಅಂತ ಇಷ್ಟು ಹೊತ್ತು ನಗುತ್ತಿದ್ದವರು, ಸೊನ್ನೆ ಕಂಡ ಕೂಡಲೇ ಅವನ ಹಿಂದೆ ಸಾಲಾಗಿ ನಿಂತರು. ಕಟ್ಟಿಯವರು ಲೆಕ್ಕ ಹಾಕಿ, ಖರ್ಚು ಹೆಚ್ಚುಕಮ್ಮಿ ಅಷ್ಟೇ ಆಗುತ್ತದೆ, ಕಾಗದಪತ್ರ ನಾನು ನೋಡಿಕೊಳ್ಳುತ್ತೇನೆ ಅಂದರು. ಇಪ್ಪತ್ತೈದು ರಿಂಗಿಟ್ ತಾವೇ ಇಟ್ಟುಕೊಂಡು ಹೊಳೆವ್ವನಿಗೆ ಐನೂರು ಕೊಟ್ಟರು. ಹೊಳೆವ್ವ ಕಣ್ಣೊರೆಸಿಕೊಂಡು ಚೀಲದ ಬಾಯಿ ಕಟ್ಟಿದಳು. ಮಗನಿಗೆ ಒಂದೇ ಮಾತು ಹೇಳಿದಳು.

"ಚೀಲ ಹೊರು. ಆದರ ಅಲ್ಲಿ ರೊಕ್ಕದ ವ್ಯವಹಾರದಾಗ ನೀ ಬಾಯಿ ತಗೀಬ್ಯಾಡ."

ಹೋದರು. ವಿಮಾನದಲ್ಲಿ ಹಾರಿದರು, ಇಳಿದರು. ವಿಯೆಟ್ನಾಮಿನ ದಕ್ಷಿಣಕ್ಕೆ ದೊಡ್ಡ ಹೊಳೆ ಹರಿಯುವ ಒಂದು ಊರಿನಲ್ಲಿ ಇಳಿದುಕೊಂಡರು. ಉಳಿದ ಹೆಂಗಸರು ಡಾಲರು ಒಯ್ದಿದ್ದರು. ಅದನ್ನು ಡಾಂಗ್ ಮಾಡಿಸಲು ಕಟ್ಟಿಯವರು ಎಲ್ಲರನ್ನೂ ಒಂದು ಅಂಗಡಿಗೆ ಕರೆದೊಯ್ದರು. ಮಾಬೂಬಿ ಕಂತೆ ಕಂತೆ ಎಣಿಸಿ ಎಣಿಸಿ ಸೋತಳು. ಖುಷಿಯಲ್ಲಿ ಒಂದು ಕಂತೆಯನ್ನು ಕೌಂಟರಿನ ಮೇಲೇ ಮರೆತು ಹೊರಬಂದಳು. ಹಿಂದೆಯೇ ನಿಂತಿದ್ದ ಗುಡ್ಡಪ್ಪ ನೋಡಿದ. ಬಾಯಿ ತೆಗೆಯಲಿಲ್ಲ.

ಊಟದ ಹೊತ್ತಿಗೆ ಮಾಬೂಬಿ ಎದೆ ಬಡಿದುಕೊಂಡಳು. ಎಲ್ಲಿ ಬಿತ್ತು, ಎಲ್ಲಿ ಹೋಯಿತು ಅಂತ ಎಲ್ಲರೂ ಹುಡುಕಿದರು. ಗುಡ್ಡಪ್ಪ ಮಾತ್ರ ಅಂಗಡಿಯ ದಿಕ್ಕಿಗೆ ಬೆರಳು ತೋರಿಸುತ್ತಾ ಕೂತಿದ್ದ, ತುಟಿ ಹೊಲಿದ ಹಾಗೆ. ಓಡಿಹೋದರೆ ಅಂಗಡಿಯ ಹುಡುಗಿ ಕಂತೆಯನ್ನು ಜೋಪಾನವಾಗಿ ತೆಗೆದಿಟ್ಟಿದ್ದಳು. ಬಗ್ಗಿ ನಮಸ್ಕಾರ ಮಾಡಿ ಕೊಟ್ಟಳು. ಮಾಬೂಬಿ ಅವಳಿಗೆ ದೃಷ್ಟಿ ತೆಗೆದು ನೆಟಿಗೆ ಮುರಿದು ಬಂದಳು.

ಹೊಳೆವ್ವ ಮಗನಿಗೆ ಚೆನ್ನಾಗಿ ಹಚ್ಚಿದಳು.

"ರೊಕ್ಕದ ಮಾತು ಬಂದಾಗ ಮೂಕಬಸವ ಆಗಿ ನಿಂದ್ರತಿಯೇನಲೇ? ಬಾಯಿ ಬಿಟ್ಟು ಕೇಳಬೇಕು. ಅವರು ಒಂದು ಅಂದ್ರ ನೀ ಎರಡು ಅನ್ನು. ಸುಮ್ನ ಒಪ್ಪಿಕೊಂಡು ಬರಬ್ಯಾಡ."

ಆಗಲಿ ಅವ್ವಾ ಅಂದ ಗುಡ್ಡಪ್ಪ.

ಮರುದಿನ ನಸುಕಿನಲ್ಲಿ ಕಟ್ಟಿಯವರು ಎಲ್ಲರನ್ನೂ ಒಂದು ದೊಡ್ಡ ದೋಣಿಗೆ ಹತ್ತಿಸಿದರು. ಎಲ್ಲಿಗೆ ಅಂತ ಹೇಳಿರಲಿಲ್ಲ. ಹೊಳೆಯ ತಿರುವು ದಾಟಿದ ಮೇಲೆ ಹೆಂಗಸರೆಲ್ಲ ಒಟ್ಟಿಗೆ ಎದ್ದು ನಿಂತರು. ದೋಣಿ ಒಂದು ಕಡೆ ವಾಲಿತು. ಎದುರಿಗೆ ನೀರಿನ ಮೇಲೆ ಕಾಯಿಪಲ್ಲೆ ಮಾರುಕಟ್ಟೆ. ದೋಣಿಗೆ ದೋಣಿ ತಾಗಿಸಿಕೊಂಡು ಕುಂಬಳಕಾಯಿ, ಬದನೆಕಾಯಿ, ಎಲೆಕೋಸು, ಉಳ್ಳಾಗಡ್ಡಿ. ಪ್ರತಿ ದೋಣಿಯಲ್ಲೂ ಒಂದು ಬಿದಿರಿನ ಗಳ, ಆ ದೋಣಿಯವರು ಏನು ಮಾರುತ್ತಾರೋ ಅದನ್ನು ಗಳದ ತುದಿಗೆ ಕಟ್ಟಿ ಎತ್ತಿದ್ದರು. ಕೂಗುವ ಕೆಲಸವೇ ಇಲ್ಲ. ಹೊಳೆವ್ವ ತನ್ನ ಗಂಟಲು ಮುಟ್ಟಿ ನೋಡಿಕೊಂಡಳು. ಇಷ್ಟು ವರ್ಷ ಬರ್ರೀ ಬರ್ರೀ ಅಂತ ಕೂಗಿ ಒಡೆದ ಗಂಟಲು ಅದು. ಒಂದು ಗಳ ನೆಟ್ಟಿದ್ದರೆ ಸಾಕಿತ್ತಲ್ಲ ಅಂದಳು.

ಅವಳು ದೋಣಿಯ ಎಡಗಡೆಗೆ ಬಾಗಿ, ಬದನೆಕಾಯಿ ಮಾರುವ ಒಬ್ಬಳ ಹತ್ತಿರ ಕೈಸನ್ನೆಯಲ್ಲೇ ಮಾತಿಗಿಳಿದಳು. ಹುಳ ಬೀಳ್ತಾವೇನು, ಬೂದಿ ಹಾಕ್ತೀರೇನು ಅಂತ. ಉಳಿದವರೂ ಅದೇ ಕಡೆ. ಹೋಗುವಾಗ ಮಗನಿಗೆ, ಬಲಗಡೆಯ ದೋಣಿಯಲ್ಲಿ ಅನಾನಸ್ ಇದೆ, ಒಂದು ಹಣ್ಣು ತಗೋ ಅಂದಿದ್ದಳು. ಅವಳ ಮೊದಲ ಖರೀದಿ ಅದು. ಸ್ವಂತ ಕೈಯಿಂದ ತೆಗೆದುಕೊಳ್ಳಲು ಯಾಕೋ ನಾಚಿಕೆಯಾಗಿತ್ತು.

ಅನಾನಸ್ ದೋಣಿಯಲ್ಲಿ ಶಂಕುವಿನಾಕಾರದ ಟೋಪಿ ಹಾಕಿದ ಒಬ್ಬ ಮುದುಕಿ. ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸಿದಳು, ಇಪ್ಪತ್ತು ಸಾವಿರ. ನಮ್ಮ ಲೆಕ್ಕದಲ್ಲಿ ಎಪ್ಪತ್ತು ರೂಪಾಯಿಯೂ ಇಲ್ಲ. ಗುಡ್ಡಪ್ಪ ಕ್ಯಾಲ್ಕುಲೇಟರು ಇಸಿದುಕೊಂಡ. ಅಂಗಡಿಯವಳ ಮಗ, ಎರಡರ ಮಗ್ಗಿ ಬರುತ್ತಿತ್ತು. ನಲವತ್ತು ಸಾವಿರ ಒತ್ತಿದ.

ಮುದುಕಿ ತಲೆಯಾಡಿಸಿ ಮತ್ತೆ ಇಪ್ಪತ್ತು ತೋರಿಸಿದಳು. ಅವನು ಮತ್ತೆ ನಲವತ್ತು ತೋರಿಸಿದ. ಅವಳು ಒಂದು ಕ್ಷಣ ಯೋಚಿಸಿ, ಓಹೋ ಎರಡು ಹಣ್ಣು ಬೇಕೇನೋ ಅಂತ ಇನ್ನೊಂದು ಇಟ್ಟಳು. ನಲವತ್ತು ಅಂತ ತೋರಿಸಿದಳು. ಅವನು ಎಂಬತ್ತು ಅಂದ. ಅವಳು ಇನ್ನೆರಡು ಇಟ್ಟಳು. ಅವನು ಒಂದು ಲಕ್ಷದ ಅರವತ್ತು ಸಾವಿರ ಅಂದ. ಅವಳು ಮೇಲೆ ನೋಡಿ ಏನೋ ಹೇಳಿ, ನಾಲ್ಕು ಇಟ್ಟಳು. ಮೂರು ಲಕ್ಷದ ಇಪ್ಪತ್ತು ಸಾವಿರ ಅಂದ. ಮುದುಕಿ ಅಂಗಿಯ ತೋಳು ಮಡಚಿ ಬುಟ್ಟಿಗಟ್ಟಲೆ ದಾಟಿಸಲು ಶುರು ಮಾಡಿದಳು. ಇವನು ಒತ್ತುತ್ತಲೇ ಹೋದ. ಅವಳು ಒಂದು ಅಂದರೆ ಇವನು ಎರಡು. ಕೊನೆಗೆ ದಾಟಿಸಿ ದಾಟಿಸಿ ಮುದುಕಿ ಸೋತಳು. ದೋಣಿಯಲ್ಲಿ ಇನ್ನೂ ಅರ್ಧ ರಾಶಿ ಇತ್ತು. ಅದನ್ನೆಲ್ಲ ಕೈಯಿಂದ ಬಳಸಿ ತೋರಿಸಿ ದೊಡ್ಡದೊಂದು ಅಂಕಿ ಒತ್ತಿದಳು. ಅವನು ಅದನ್ನೂ ಎರಡರಿಂದ ಗುಣಿಸಿದ. ಹಣ್ಣೇ ಇನ್ನಿಲ್ಲ, ಮುದುಕಿ ಏನು ಕೊಟ್ಟಾಳು. ಟೋಪಿ ತೆಗೆದು ರಾಶಿಯ ಮೇಲಿಟ್ಟಳು. ಚಾಕು ಇಟ್ಟಳು. ಗುಡ್ಡಪ್ಪ ಚೀಲವನ್ನೇ ಅವಳ ಮಡಿಲಿಗೆ ಸುರಿದ. ಮುದುಕಿ ನೋಟಿನ ರಾಶಿ ನೋಡಿದಳು, ತನ್ನ ಹಳೆಯ ದೋಣಿ ನೋಡಿದಳು, ನೆರೆಯ ದೋಣಿಯಲ್ಲಿದ್ದ ಮಗಳನ್ನು ಕೂಗಿ ಕರೆದಳು. ದೋಣಿಯ ಹಗ್ಗವನ್ನು ಗುಡ್ಡಪ್ಪನ ಕೈಗಿಟ್ಟು, ಮಗಳ ದೋಣಿಗೆ ದಾಟಿಕೊಂಡಳು.

"ಅವ್ವಾ, ಸುಮ್ನ ಒಪ್ಪಲಿಲ್ಲ ನೋಡು" ಅಂತ ಕೂಗಿದ ಗುಡ್ಡಪ್ಪ.

ಹೊಳೆವ್ವ ತಿರುಗಿದಳು. ಕಾಲಡಿ ಅನಾನಸ್, ಸೀಟಿನ ಮೇಲೆ ಅನಾನಸ್, ಕಟ್ಟಿಯವರ ಮೊಣಕಾಲ ತನಕ ಅನಾನಸ್. ಪಕ್ಕದಲ್ಲಿ ಒಂದು ದೋಣಿ, ಅದರ ತುಂಬ ಅನಾನಸ್. ಚೀಲ ಖಾಲಿ. ಏನಾಯಿತು ಅಂತ ಕಟ್ಟಿಯವರು ಮುದುಕಿಯನ್ನೂ ಗುಡ್ಡಪ್ಪನನ್ನೂ ಕೇಳಿ ಕೇಳಿ ಬಿಡಿಸಿ ಹೇಳಿದರು. ಅವಳು ಕಮ್ಮಿ ಅಂದಷ್ಟೂ ಇವನು ಜಾಸ್ತಿ ಅಂದನಂತೆ. ಬೇಕಾದರೆ ರೊಕ್ಕ ವಾಪಸು ಕೇಳುತ್ತೇನೆ, ಮುದುಕಿ ಒಳ್ಳೆಯವಳು, ಕೊಡುತ್ತಾಳೆ ಅಂದರು.

ಹೊಳೆವ್ವ ಮುದುಕಿಯ ಕಡೆ ನೋಡಿದಳು. ಮುದುಕಿ ಎರಡೂ ಕೈಯಲ್ಲಿ ನೋಟು ಹಿಡಿದುಕೊಂಡು, ಇದು ನನಗೋ ಅಲ್ಲವೋ ಅಂತ ತಿಳಿಯದೆ, ನಗಲೋ ಬೇಡವೋ ಅಂತ ತಿಳಿಯದೆ ಕೂತಿದ್ದಳು. ಅವಳ ಬೆರಳುಗಳೂ ಹೊಳೆವ್ವನ ಬೆರಳುಗಳ ಹಾಗೇ ಇದ್ದವು, ಮಣ್ಣು ಹಿಡಿದು ಸೀಳಿದ್ದವು.

"ಬ್ಯಾಡ ಕಟ್ಟಿಯವರ. ಇಷ್ಟು ವರ್ಷ ಕುಂತೆ, ಇಂಥಾ ಗಿರಾಕಿ ಒಬ್ಬನರ ನನ್ನ ಮುಂದ ಬಂದಿಲ್ಲ. ಅಕೀಗರ ಬರಲಿ."

ಹಾಗೆ ಹೇಳಿ ನಕ್ಕಳು. ಮಾಬೂಬಿ ನಕ್ಕಳು, ಎಲ್ಲರೂ ನಕ್ಕರು, ಮುದುಕಿಯೂ ಕೊನೆಗೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಹೊಳೆವ್ವ ಸೆರಗು ಸಿಕ್ಕಿಸಿ, ತಾನು ಕೊಂಡ ದೋಣಿಗೆ ತಾನೇ ಇಳಿದಳು. ರಾಶಿಯ ನಡುವೆ ಆರಾಮವಾಗಿ ಕೂತು ಟೋಪಿ ಹಾಕಿಕೊಂಡಳು. ಒಳ್ಳೆಯದೊಂದು ಹಣ್ಣು ಆರಿಸಿ ಸಿಪ್ಪೆ ಹೆರೆದು ಕಚ್ಚಿದಳು. ರಸ ಮೊಣಕೈ ತನಕ ಇಳಿಯಿತು, ಒರೆಸಿಕೊಳ್ಳಲಿಲ್ಲ. ಮಾರುವ ಲೆಕ್ಕವಿಲ್ಲದೆ ಅವಳು ತಿಂದ ಹಣ್ಣು ಅದೇ ಮೊದಲು. ಬಹಳ ಸಿಹಿಯಾಗಿತ್ತು. ದೊಡ್ಡ ದೋಣಿಯಲ್ಲಿ ಹಗ್ಗ ಹಿಡಿದು ನಿಂತಿದ್ದ ಮಗನನ್ನು ನೋಡಿ ಅವಳಿಗೆ ಪ್ರೀತಿ ಉಕ್ಕಿ ಬಂತು.

"ಬಾರೋ ನನ್ನಪ್ಪಾ, ಕೈಯಾಗಿಂದೆಲ್ಲಾ ಬಿಟ್ಟು ಬಾ. ಕುಂತು ತಿನ್ನು" ಅಂದಳು.

ಗುಡ್ಡಪ್ಪ ಕೈಯಲ್ಲಿದ್ದುದನ್ನೆಲ್ಲ ಬಿಟ್ಟ. ಅಂದರೆ ಹಗ್ಗವನ್ನು. ಬಿಟ್ಟು, ಚಂಗನೆ ಹಾರಿ ಅವ್ವನ ಪಕ್ಕ ಕೂತ. ದೋಣಿ ಮೆಲ್ಲಗೆ ತಿರುಗಿ ಹೊಳೆಯ ಹರಿವಿಗೆ ಸಿಕ್ಕಿ ಹೊರಟಿತು. ಹೆಂಗಸರು ಕೂಗಿದರು. ಕಟ್ಟಿಯವರು ಅನಾನಸ್ಸಿನಿಂದ ಕಾಲು ಕೀಳಲಾರದೆ ಅಂಬಿಗನಿಗೆ ದೋಣಿ ತಿರುಗಿಸು ತಿರುಗಿಸು ಅಂತ ಕೈಬೀಸಿದರು. ಹೊಳೆವ್ವ ನೀರಿನ ಮೇಲೆ ತೇಲಿಕೊಂಡು ಬರುತ್ತಿದ್ದ ಹಗ್ಗ ನೋಡಿದಳು. ಮಗನ ಮುಖ ನೋಡಿದಳು. ಬಾಯಿ ತೆರೆದಳು. ಯಾಕೋ ಬೈಗುಳ ಬರಲೇ ಇಲ್ಲ.

"ಈಗೇನು ಮಾಡ್ಲಿ ಅವ್ವಾ?" ಅಂದ ಗುಡ್ಡಪ್ಪ.

"ಏನೂ ಮಾಡಬ್ಯಾಡ" ಅಂದಳು ಹೊಳೆವ್ವ.

ಗುಡ್ಡಪ್ಪ ಏನೂ ಮಾಡಲಿಲ್ಲ. ದೋಣಿ ಒಂದು ಸಲ ವಾಲಿದಾಗ, ಅವನ ಕೈಯಳತೆಯಲ್ಲೇ ಇದ್ದ ಹುಟ್ಟು ಜಾರಿ ಜಾರಿ ನೀರಿಗೆ ಬಿದ್ದು ತೇಲಿಹೋಯಿತು. ಅವನು ಅದನ್ನು ಕಣ್ಣು ತುಂಬ ನೋಡಿದ, ಏನೂ ಮಾಡಲಿಲ್ಲ. ಹೊಳೆವ್ವನೂ ನೋಡಿದಳು. ಇನ್ನೊಂದು ಹಣ್ಣು ಎತ್ತಿಕೊಂಡು ಸಿಪ್ಪೆ ಹೆರೆಯತೊಡಗಿದಳು.